ಕಸದಿಂದ ರಸವೋ, ರಸದಿಂದ ಕಸವೋ?

ಮಳೆಗಾಲ ಕಾಲೂರಿ, ಶಾಲೆಗಳಲ್ಲಿ ಮೊದಲ ಕಿರುಪರೀಕ್ಷೆ ಮುಗಿಯುತ್ತಲೇ ಬೆಂಗಳೂರಿನ ಸ್ಟೇಷನರಿ ಅಂಗಡಿಗಳಿಗೆ ಒಂದು ವಿಶೇಷ ಋತು ಆರಂಭವಾಗುತ್ತದೆ. ಸಂಜೆ ಏಳರ ಹೊತ್ತಿಗೆ ಕಚೇರಿಯಿಂದ ನೇರವಾಗಿ ಬಂದ ತಂದೆತಾಯಂದಿರು ಮೊಬೈಲಿನಲ್ಲಿ ಶಾಲೆಯ ಸಂದೇಶವನ್ನು ಓದಿಕೊಳ್ಳುತ್ತ ಗಲ್ಲಾಪೆಟ್ಟಿಗೆಯ ಮುಂದೆ ನಿಲ್ಲುತ್ತಾರೆ. ಅಂಗಡಿಯವನಿಗೆ ಹೆಚ್ಚಿನ ವಿವರಣೆ ಬೇಕಿಲ್ಲ. ಆತ ಒಂದೊಂದಾಗಿ ತೆಗೆದಿಡುತ್ತಾನೆ: 50 ಐಸ್‌ಕ್ರೀಮ್ ಕಡ್ಡಿಗಳ ಕಟ್ಟು, ಚಹಾ ಕಾಣದ ಕಾಗದದ ಲೋಟಗಳು, ಯಾವ ಮೂಟೆಯ ಬಾಯಿಯನ್ನೂ ಕಟ್ಟದ ಸೆಣಬಿನ ದಾರ, ಅಂಗಿಯ ಮುಖವನ್ನೇ ನೋಡದ ಬಣ್ಣಬಣ್ಣದ ಗುಂಡಿಗಳು, ಹೊಚ್ಚಹೊಸ ರಟ್ಟಿನ ಕೊಳವೆಗಳು. ಬಿಲ್ಲು 500 ರೂಪಾಯಿ ದಾಟುವುದು ಅಪರೂಪವೇನಲ್ಲ. ಇಷ್ಟೆಲ್ಲ ಖರೀದಿ ಯಾವುದಕ್ಕೆಂದು ವಿಚಾರಿಸಿದರೆ ಬರುವ ಉತ್ತರ ಒಂದೇ: ಶಾಲೆಯಲ್ಲಿ ‘ಕಸದಿಂದ ರಸ’ ಪ್ರಾಜೆಕ್ಟ್ ಕೊಟ್ಟಿದ್ದಾರೆ.

ಅರ್ಥಶಾಸ್ತ್ರ ಓದಿದವನಿಗೆ ಇದು ಕುತೂಹಲದ ದೃಶ್ಯ. ಕಸಕ್ಕೆ ಬೇಡಿಕೆ ಹುಟ್ಟಿದೆ, ಮನೆಯಲ್ಲಿರುವ ಕಸ ಆ ಬೇಡಿಕೆಗೆ ಒಗ್ಗುತ್ತಿಲ್ಲ. ಆದ್ದರಿಂದ ಹೊಸ ಸರಕನ್ನೇ ಕಸದ ವೇಷ ತೊಡಿಸಿ ಮಾರುವ ಒಂದು ಮಾರುಕಟ್ಟೆ ತಲೆಯೆತ್ತಿದೆ. ಮನೆಯ ಕಸ ಏಕೆ ಒಗ್ಗುತ್ತಿಲ್ಲ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುತ್ತಿಲ್ಲ.

ಈ ಪ್ರಾಜೆಕ್ಟುಗಳ ಹಿಂದಿನ ಉದ್ದೇಶದಲ್ಲಿ ದೋಷವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಕೈಕೆಲಸದ ಮೂಲಕ ಕಲಿಕೆ ಎಂಬ ವಿಚಾರ ನಮಗೆ ಹೊಸದಲ್ಲ. 1937ರ ವಾರ್ಧಾ ಸಮ್ಮೇಳನ ಮತ್ತು ಅದರ ಬೆನ್ನಿಗೇ ಬಂದ ಜಾಕಿರ್ ಹುಸೇನ್ ಸಮಿತಿಯ ವರದಿ ಕಸುಬನ್ನು ಶಿಕ್ಷಣದ ನಡುಮನೆಗೆ ತಂದವು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳೊಂದಿಗೆ ನಡೆಸಿದ ಪ್ರಯೋಗಗಳ ಬೇರೂ ಅದೇ ಕಾಲದ್ದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಬೇಕೆಂದು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆಯನ್ನು ಇತರ ವಿಷಯಗಳೊಡನೆ ಬೆರೆಸಿ ಕಲಿಸಬೇಕೆಂದಿತು. ಸಿಬಿಎಸ್‌ಇ 2020–21ನೇ ಸಾಲಿನಿಂದ 1ರಿಂದ 10ನೇ ತರಗತಿಯವರೆಗೆ ಕಲಾ ಸಂಯೋಜಿತ ಪ್ರಾಜೆಕ್ಟನ್ನು ಕಡ್ಡಾಯ ಮಾಡಿ, ಪ್ರತಿ ರಾಜ್ಯಕ್ಕೂ ಒಂದು ಜೋಡಿ ರಾಜ್ಯವನ್ನು ಗೊತ್ತುಪಡಿಸಿತು. ಕರ್ನಾಟಕದ ಪಾಲಿಗೆ ಬಂದದ್ದು ಉತ್ತರಾಖಂಡ. ಸುತ್ತಮುತ್ತ ಸಿಗುವ ವಸ್ತುಗಳನ್ನೇ ಬಳಸಬೇಕು, ಪೋಷಕರ ಮೇಲೆ ಖರ್ಚಿನ ಹೊರೆ ಬೀಳಬಾರದು ಎಂಬ ಆಶಯವೂ ಅದರಲ್ಲಿತ್ತು. ಸರ್ಕಾರಿ ಸುತ್ತೋಲೆಗಳ ಆಶಯ ಮತ್ತು ಅವುಗಳ ಅನುಷ್ಠಾನದ ನಡುವಿನ ಅಂತರವನ್ನು ಮೂರು ದಶಕಗಳ ಕಾಲ ಎರಡೂ ಬದಿಯಿಂದ ನೋಡಿದ ನನಗೆ, ಆ ಆಶಯ ಸ್ಟೇಷನರಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಹೇಗೆ ಬಂದು ನಿಂತಿತೆಂಬುದು ಆಶ್ಚರ್ಯದ ವಿಷಯವಾಗಿ ಉಳಿದಿಲ್ಲ.

ಥರ್ಮೋಕೋಲಿನ ಕಥೆಯನ್ನೇ ನೋಡಿ. ಒಂದು ಕಾಲಕ್ಕೆ ಶಾಲಾ ಮಾದರಿಗಳೆಂದರೆ ಥರ್ಮೋಕೋಲ್ ಎಂದೇ ಅರ್ಥವಾಗಿತ್ತು. ಕೋಟೆಯೂ ಅದರಲ್ಲೇ, ಜ್ವಾಲಾಮುಖಿಯೂ ಅದರಲ್ಲೇ. 2022ರ ಜುಲೈ 1ರಿಂದ ಏಕಬಳಕೆಯ ಪ್ಲಾಸ್ಟಿಕ್ ನಿಷೇಧ ಜಾರಿಯಾದಾಗ ಅಲಂಕಾರಕ್ಕೆ ಬಳಸುವ ಥರ್ಮೋಕೋಲ್ ಕೂಡ ಆ ಪಟ್ಟಿಯಲ್ಲಿತ್ತು. ಶಾಲೆಗಳು ಸರಿಯಾಗಿಯೇ ಅದನ್ನು ಕೈಬಿಟ್ಟವು. ‘ಸಾಂಪ್ರದಾಯಿಕವಲ್ಲದ ವಸ್ತುಗಳನ್ನು ಬಳಸಿ’ ಎಂಬ ಸೂಚನೆ ಬಂತು. ಅಂಗಡಿಗಳು ಥರ್ಮೋಕೋಲ್ ಇದ್ದ ಜಾಗದಲ್ಲಿ ಸನ್‌ಬೋರ್ಡ್ ಮತ್ತು ಬಣ್ಣದ ಫೋಮ್ ಹಾಳೆಗಳನ್ನು ಜೋಡಿಸಿದವು. ಅವೂ ಪ್ಲಾಸ್ಟಿಕ್ಕೇ. ನಿಷೇಧದ ಪಟ್ಟಿಯಲ್ಲಿ ಅವುಗಳ ಹೆಸರಿಲ್ಲ, ಅಷ್ಟೆ.

ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಏಳನೆಯ ತರಗತಿಯಲ್ಲಿದ್ದ ಮೊಮ್ಮಗಳಿಗೆ ಶಾಲೆ ಕೊಟ್ಟ ಕೆಲಸ: ಕರ್ನಾಟಕದ ಒಂದು ಪ್ರದರ್ಶನ ಕಲೆಗೆ ಸಂಬಂಧಿಸಿದ ಮಾದರಿಯನ್ನು ಸಾಮಾನ್ಯವಾಗಿ ಬಳಸದ ಯಾವುದಾದರೂ ವಸ್ತುವಿನಿಂದ ತಯಾರಿಸುವುದು. ಥರ್ಮೋಕೋಲ್, ಪ್ಲಾಸ್ಟಿಕ್, ಪ್ಲಾಸ್ಟರ್ ಆಫ್ ಪ್ಯಾರಿಸ್ ನಿಷಿದ್ಧ. ಅವಧಿ 10 ದಿನ. ಅವಳು ಆರಿಸಿಕೊಂಡದ್ದು ಯಕ್ಷಗಾನದ ಕಿರೀಟ. ವಸ್ತು, ಅಡಿಕೆ ಹಾಳೆ. ತೀರ್ಥಹಳ್ಳಿ ಕಡೆಯ ನಮ್ಮ ಬಂಧುಗಳ ತೋಟದಿಂದ ಬಸ್ಸಿನ ಪಾರ್ಸೆಲಿನಲ್ಲಿ ಐದು ಹಾಳೆಗಳು ಬಂದವು. ಅದಕ್ಕಿಂತ ಸ್ಥಳೀಯವೂ ಅಗ್ಗವೂ ಆದ ವಸ್ತು ಇನ್ನೊಂದಿಲ್ಲ ಎಂಬ ಧೈರ್ಯ ಎಲ್ಲರಿಗೂ ಇತ್ತು.

ಮೊದಲ ಹಾಳೆಗೆ ಕತ್ತರಿ ಇಟ್ಟ ಕೂಡಲೇ ಅದು ಉದ್ದಕ್ಕೆ ಸೀಳಿತು. ಹಾಳೆಯ ನಾರುಗಳೆಲ್ಲ ಒಂದೇ ದಿಕ್ಕಿಗೆ ಓಡುತ್ತವೆ. ಅಡ್ಡಲಾಗಿ ಕತ್ತರಿಸಲು ಹೋದರೆ ಕತ್ತರಿ ಸೋಲುತ್ತದೆ, ಉದ್ದಕ್ಕೆ ಮುಟ್ಟಿದರೆ ತಾನಾಗಿಯೇ ಬಿಡುತ್ತದೆ. ಎರಡನೆಯ ಹಾಳೆಯನ್ನು ಬಕೆಟ್ಟಿನಲ್ಲಿ ರಾತ್ರಿಯಿಡೀ ನೆನೆಸಿದ್ದಾಯಿತು. ಬೆಳಗ್ಗೆ ಅದು ತೊಗಲಿನಷ್ಟು ಮೆತ್ತಗಾಗಿತ್ತು. ಸ್ಟೀಲಿನ ಡಬ್ಬಿಯೊಂದಕ್ಕೆ ಸುತ್ತಿ ದಾರದಿಂದ ಬಿಗಿದು ಶಾಲೆಗೆ ಹೋದಳು. ಸಂಜೆ ಬಂದು ದಾರ ಬಿಚ್ಚಿದರೆ ಹಾಳೆ ನಿಧಾನವಾಗಿ ತನ್ನ ಹಳೆಯ ಆಕಾರಕ್ಕೆ ಬಿಚ್ಚಿಕೊಂಡಿತು. ಒಳಗೆ ತೇವ ಉಳಿದಿರುವವರೆಗೆ ಹಾಳೆ ಯಾರ ಮಾತನ್ನೂ ಕೇಳುವುದಿಲ್ಲ ಎಂಬುದು ಅಲ್ಲಿಗೆ ಗೊತ್ತಾಯಿತು. ಪೂರ್ತಿ ಒಣಗಲು ಬಿಡೋಣವೆಂದರೆ ಆಗಸ್ಟ್ ತಿಂಗಳ ಜಿಟಿಜಿಟಿ ಮಳೆ. ಮೂರನೆಯ ದಿನ ಅದರ ಮೇಲೆ ಬೂದುಬಣ್ಣದ ಬೂಷ್ಟು ಹಿಡಿದಿತ್ತು.

ಮುಂದಿನ ನಾಲ್ಕು ದಿನಗಳು ಬಿಳಿ ಅಂಟಿನೊಂದಿಗೆ ನಡೆದ ಹೋರಾಟ. ಈ ಅಂಟು ಹಿಡಿಯುವ ಬಗೆ ಸರಳ: ಅದರಲ್ಲಿರುವ ನೀರು ಕಾಗದವೋ ಮರವೋ ಹೀರಿಕೊಂಡು ಆರಬೇಕು, ಆಗ ಉಳಿದ ಪದರ ಗಟ್ಟಿಯಾಗಿ ಬೆಸೆಯುತ್ತದೆ. ಪ್ಲಾಸ್ಟಿಕ್ ಬಾಟಲಿಯ ಮೇಲೆ ಅದು ಹಿಡಿಯದಿರುವುದು ಪ್ಲಾಸ್ಟಿಕ್ ನೀರು ಕುಡಿಯದ ಕಾರಣ. ನೆನೆದ ಹಾಳೆಯದು ಇದರ ವಿರುದ್ಧ ಸಮಸ್ಯೆ: ಅದು ಆಗಲೇ ಹೊಟ್ಟೆತುಂಬ ನೀರು ಕುಡಿದಿದೆ, ಅಂಟಿನ ನೀರಿಗೆ ಜಾಗವಿಲ್ಲ. ಒಣಗಿದ ಹಾಳೆಗಾದರೆ ಅಂಟು ಹಿಡಿಯುತ್ತದೆ, ಆದರೆ ಬಾಗಿಸಿದಾಗ ಅದರ ಸೆಟೆತವೇ ಬೆಸುಗೆಯನ್ನು ಕಿತ್ತುಹಾಕುತ್ತದೆ. ಬಟ್ಟೆ ಮುಚ್ಚಿ ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ಒಣಗಿಸುವ ಉಪಾಯ ಹುಡುಗಿಗೆ ಹೊಳೆದದ್ದು ಐದನೆಯ ದಿನ. ಹಾಳೆ ತಟ್ಟೆ ತಯಾರಿಸುವ ಘಟಕಗಳಲ್ಲಿ ನೆನೆಸಿದ ಹಾಳೆಯನ್ನು ಕಾದ ಅಚ್ಚಿನಲ್ಲಿ ಒತ್ತುವುದೂ ಇದೇ ತತ್ವದ ಮೇಲೆ ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಕೊನೆಗೆ ಅಂಟನ್ನು ಬದಿಗಿಟ್ಟು ಸೂಜಿ ದಾರ ಹಿಡಿದಳು. ಕಂಪಾಸಿನ ಮೊನೆಯಿಂದ ರಂಧ್ರ ಮಾಡಿ ನೇರ ಸಾಲಿನಲ್ಲಿ ಹೊಲಿದಾಗ, ಅಂಚೆಚೀಟಿಯ ಹಾಳೆ ಹರಿಯುವಂತೆ ಹೊಲಿಗೆಯ ಗುಂಟ ಸೀಳಿತು. ಎಲ್ಲ ರಂಧ್ರಗಳೂ ಒಂದೇ ನಾರಿನ ಸಾಲಿನಲ್ಲಿದ್ದವು. ಎರಡನೆಯ ಬಾರಿ ರಂಧ್ರಗಳನ್ನು ಒಂದು ಮೇಲೆ, ಒಂದು ಕೆಳಗೆ ಎಂಬಂತೆ ಅಂಕುಡೊಂಕಾಗಿ ಮಾಡಿದಳು. ನಿಂತಿತು. ದಕ್ಷಿಣ ಕನ್ನಡದ ಕೃಷಿಕರು ತಲೆಗೆ ಹಾಕಿಕೊಳ್ಳುವ ಮುಟ್ಟಾಳೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಗೊತ್ತಿರಬಹುದು, ಹಾಳೆಯೊಡನೆ ಬದುಕಿದ ಜನ ಅದನ್ನು ಆದಷ್ಟು ಕತ್ತರಿಸದೆ ಮಡಿಸುತ್ತಾರೆ. ಆ ವಿವೇಕ ಯಾವ ಪಠ್ಯದಲ್ಲೂ ಇಲ್ಲ. ಇನ್ನೆರಡು ಹಾಳೆ ಹಾಳಾಗಿದ್ದರೆ ಈ ಹುಡುಗಿಯೂ ಮಡಿಸುವಲ್ಲಿಗೆ ತಲುಪುತ್ತಿದ್ದಳು ಎಂಬುದು ನನ್ನ ಅಂದಾಜು.

ಆದರೆ ಹತ್ತನೆಯ ದಿನ ಬಂತು. ಕಿರೀಟದ ಬುಡ ಸಿದ್ಧವಾಗಿತ್ತು, ಮೇಲಿನ ಶಿಖರವೂ ಪಕ್ಕದ ಕರ್ಣಪತ್ರಗಳೂ ಆಗಿರಲಿಲ್ಲ. ಅರ್ಧವಾದದ್ದನ್ನೇ ಒಯ್ದಳು. ಮೌಲ್ಯಮಾಪನದ ಹಾಳೆಯಲ್ಲಿ ಅಂದ, ಅಚ್ಚುಕಟ್ಟು, ಪೂರ್ಣತೆ, ಸಮಯಪಾಲನೆ ಎಂಬ ನಾಲ್ಕು ಕಲಮುಗಳಿದ್ದವು. ದೊರೆತದ್ದು ‘ಬಿ’ ದರ್ಜೆ. ಆ ನಾಲ್ಕು ಕಲಮುಗಳ ಪ್ರಕಾರ ಅದು ನ್ಯಾಯವಾದ ತೀರ್ಪೇ. ಮೊದಲ ಬಹುಮಾನ ಪಡೆದದ್ದು ಫೋಮ್ ಹಾಳೆ, ಚಿನ್ನದ ಬಣ್ಣ ಹಾಗೂ ಪುಟ್ಟ ವಿದ್ಯುದ್ದೀಪಗಳಿಂದ ಮಾಡಿದ ರಂಗಸ್ಥಳದ ಒಂದು ಮಾದರಿ. ಅದನ್ನು ಹಣ ಕೊಟ್ಟು ಮಾಡಿಸಿದ್ದೆಂದು ಆ ಮಗುವಿನ ತಂದೆ ಯಾವ ಸಂಕೋಚವೂ ಇಲ್ಲದೆ ನನಗೆ ತಿಳಿಸಿದರು. ಅವರನ್ನು ದೂರಲಾರೆ. ರಾತ್ರಿ ಒಂಬತ್ತಕ್ಕೆ ಮನೆ ತಲುಪುವ ದಂಪತಿಗೆ ಸಮಯದ ಕೊರತೆಯಿದೆ, ಹಣದ ಕೊರತೆಯಿಲ್ಲ. ಯಾವುದು ದುರ್ಲಭವೋ ಅದರ ಜಾಗದಲ್ಲಿ ಸುಲಭವಾಗಿರುವುದನ್ನು ಬಳಸುವುದು ಅರ್ಥಶಾಸ್ತ್ರದ ಮೊದಲ ಪಾಠ. ಶಾಲೆಯ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯ ಗೋಡೆಯ ಮೇಲೆ ‘ಇಲ್ಲಿ ಪ್ರಾಜೆಕ್ಟ್ ವರ್ಕ್ ಮಾಡಿಕೊಡಲಾಗುವುದು’ ಎಂಬ ಫಲಕ ಹುಟ್ಟುವುದು ಹೀಗೆ.

ಆದರೆ ಎರಡೂ ಇಲ್ಲದವರು ಏನು ಮಾಡಬೇಕು? ಅದೇ ಪ್ರದರ್ಶನದ ಹಿಂದಿನ ಸಾಲಿನಲ್ಲಿ, ಕಿಟಕಿಯ ಪಕ್ಕದ ಬೆಂಚಿನ ಮೇಲೆ ಒಂದು ಆಟಿಕೆ ಲಾರಿ ಇತ್ತು. ಇನ್ನೊಂದು ತರಗತಿಯ ವಿಷಯ ಸಾರಿಗೆಯಂತೆ. ಲಾರಿಯ ಮೈ ಹಳೆಯ ಬಿಸ್ಕತ್ತಿನ ಡಬ್ಬಿಯದು, ಚಕ್ರಗಳು ಸವೆದ ಹವಾಯಿ ಚಪ್ಪಲಿಯಿಂದ ಕೊರೆದದ್ದು, ಅಚ್ಚು ಸೈಕಲ್ಲಿನ ಕಡ್ಡಿ. ನಮ್ಮ ಹಳ್ಳಿಗಳಲ್ಲಿ ಹುಟ್ಟಿದ ಯಾರಿಗೂ ಇದು ಹೊಸ ವಸ್ತುವಲ್ಲ. ಅದನ್ನು ಮಾಡಿದ ಹುಡುಗ ಶಿಕ್ಷಣ ಹಕ್ಕು ಕಾಯ್ದೆಯ ಶೇ 25ರ ಮೀಸಲು ಸೀಟಿನಲ್ಲಿ ಸೇರಿದವನು, ಅಪಾರ್ಟ್‌ಮೆಂಟೊಂದರ ಕಾವಲುಗಾರನ ಮಗ. ಚಕ್ರ ಇಷ್ಟು ದುಂಡಗೆ ಹೇಗೆ ಬಂತೆಂದು ಕೇಳಿದೆ. ಬ್ಲೇಡಿನಿಂದ ಚೌಕವಾಗಿ ಕತ್ತರಿಸಿ, ಮೂಲೆಗಳನ್ನು ಸಿಮೆಂಟಿನ ಮೆಟ್ಟಿಲಿಗೆ ಉಜ್ಜಿ ಉಜ್ಜಿ ಸವೆಸಿದ್ದಂತೆ. ಮೊದಲು ಮಾಡಿದ ನಾಲ್ಕು ಓರೆಯಾಗಿ ಲಾರಿ ಒಂದು ಬದಿಗೆ ಎಳೆಯುತ್ತಿತ್ತು, ಬಿಸಾಡಿದೆ ಎಂದ. ನೂಕಿದರೆ ಲಾರಿ ಬೆಂಚಿನ ಈ ತುದಿಯಿಂದ ಆ ತುದಿಗೆ ನೇರವಾಗಿ ಓಡಿತು. ಇಡೀ ಸಭಾಂಗಣದಲ್ಲಿ ನಿಜವಾದ ಕಸದಿಂದ ಮಾಡಿದ್ದು ಅದೊಂದೇ ಇರಬೇಕು. ಬಣ್ಣ ಬಳಿದಿರಲಿಲ್ಲ, ಆದ್ದರಿಂದ ಅಂದದ ಕಲಮಿನಲ್ಲಿ ಅವನಿಗೆ ಬಂದ ಅಂಕ ಎಷ್ಟೆಂದು ಊಹಿಸಬಹುದು.

ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಬರೆಯುತ್ತ ಒಂದು ಮಾತು ಹೇಳಿದರು. ಅದರ ತಾತ್ಪರ್ಯ ಇಷ್ಟು: ಯಾವುದೋ ಒಂದು ಸಂಗತಿಯನ್ನು ಅಳೆಯಲು ಇಟ್ಟುಕೊಂಡ ಸೂಚಕವನ್ನೇ ಹಿಡಿದು ಜಗ್ಗತೊಡಗಿದರೆ ಆ ಸೂಚಕಕ್ಕೂ ಮೂಲ ಸಂಗತಿಗೂ ಇದ್ದ ನಂಟು ಕಡಿದುಹೋಗುತ್ತದೆ. ಆಡಳಿತದಲ್ಲಿದ್ದವರಿಗೆ ಇದನ್ನು ಯಾವ ಅರ್ಥಶಾಸ್ತ್ರಜ್ಞನೂ ಹೇಳಿಕೊಡಬೇಕಿಲ್ಲ. ನೆಟ್ಟ ಸಸಿಗಳ ಸಂಖ್ಯೆಯನ್ನು ಲೆಕ್ಕ ಕೇಳಿದರೆ ಪ್ರತಿ ವರ್ಷ ಅದೇ ಗುಂಡಿಗಳಲ್ಲಿ ಸಸಿಗಳು ನೆಡಲ್ಪಡುತ್ತವೆ. ಬದುಕಿದ ಮರಗಳ ಲೆಕ್ಕ ಕೇಳಿದಾಗ ಮಾತ್ರ ನೀರು ಹಾಕುವವನು ಹುಟ್ಟಿಕೊಳ್ಳುತ್ತಾನೆ. ಮುಗಿದ ವಸ್ತುವಿನ ಅಂದವನ್ನು ಅಳೆಯುವ ಶಾಲೆಗೆ ಮುಗಿದ ಅಂದವಾದ ವಸ್ತುಗಳೇ ಬರುತ್ತವೆ. ಅವು ಎಲ್ಲಿಂದ ಬಂದವೆಂಬುದು ಕಲಮಿನಲ್ಲಿ ಇಲ್ಲ.

ಇಲ್ಲಿ ಇನ್ನೂ ಒಂದು ಲೆಕ್ಕವಿದೆ. ಸಾಮಾನ್ಯವಾಗಿ ಉತ್ಪಾದನೆಯೆಂದರೆ ಕಚ್ಚಾವಸ್ತುವಿನ ಮೌಲ್ಯ ಹೆಚ್ಚುವುದು. ಹಳೆಯ ಸೋವಿಯತ್ ವ್ಯವಸ್ಥೆಯ ಕೆಲವು ಕಾರ್ಖಾನೆಗಳು ಬಳಸಿದ ಕಚ್ಚಾವಸ್ತುವಿಗಿಂತ ಕಡಿಮೆ ಬೆಲೆಯ ಸಾಮಾನು ತಯಾರಿಸುತ್ತಿದ್ದವೆಂದು ಅರ್ಥಶಾಸ್ತ್ರಜ್ಞರು ವಿವರಿಸುವುದುಂಟು. ಅದಕ್ಕೆ ಋಣಾತ್ಮಕ ಮೌಲ್ಯವರ್ಧನೆ ಎನ್ನುತ್ತಾರೆ. ಶುಭ್ರವಾದ ರಟ್ಟಿನ ಪೆಟ್ಟಿಗೆಗೆ ರದ್ದಿ ಅಂಗಡಿಯಲ್ಲಿ ಕಿಲೋಗೆ ಇಷ್ಟು ಎಂದು ಬೆಲೆಯಿದೆ. ಅದೇ ರಟ್ಟಿಗೆ ಬಿಸಿ ಅಂಟು, ಮಿನುಗುಪುಡಿ, ಫೋಮ್, ತಂತಿ ಸೇರಿಸಿ ‘ಕಸದಿಂದ ರಸ’ ಮಾಡಿದ ಮೇಲೆ ಯಾವ ರದ್ದಿಯವನೂ ಅದನ್ನು ಮುಟ್ಟುವುದಿಲ್ಲ. ಒಣಕಸ ಸಂಗ್ರಹ ಕೇಂದ್ರಗಳಲ್ಲಿ ಕಸ ವಿಂಗಡಿಸುವ ಹೆಂಗಸರನ್ನು ಕೇಳಿ ನೋಡಿ; ಬೇರ್ಪಡಿಸಲಾಗದಂತೆ ಅಂಟಿಸಿದ ವಸ್ತು ನೇರವಾಗಿ ನಿರುಪಯುಕ್ತದ ರಾಶಿಗೆ ಹೋಗುತ್ತದೆ. ಮಾರಬಹುದಾಗಿದ್ದ ವಸ್ತುವನ್ನು ಪರಿಸರ ಪ್ರೀತಿಯ ಹೆಸರಿನಲ್ಲಿ ನಾವು ಕಸವಾಗಿಸಿರುತ್ತೇವೆ.

ಕಸದಿಂದ ರಸ ತೆಗೆಯುವುದು ಈ ನೆಲಕ್ಕೆ ಗೊತ್ತಿಲ್ಲದ ವಿದ್ಯೆಯಲ್ಲ. ಉತ್ತರ ಕರ್ನಾಟಕದ ಕೌದಿಯನ್ನು ನೆನೆಯಿರಿ. ಹರಿದ ಸೀರೆ, ಸವೆದ ಧೋತರ, ಮಗು ಬೆಳೆದು ಚಿಕ್ಕದಾದ ಕುಬಸ, ಎಲ್ಲವೂ ಅದರಲ್ಲಿ ಸೇರುತ್ತವೆ. ಬಿಡುವಾದಾಗ ಕೂತು, ಎದ್ದು, ಮತ್ತೆ ಕೂತು ಹೊಲಿಯುವ ಆ ಕೆಲಸಕ್ಕೆ ಗಡುವೆಂಬುದಿಲ್ಲ. ತುಂಡುಗಳು ಕೂಡಿದಂತೆ ಅದು ಬೆಳೆಯುತ್ತದೆ. ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕೌದಿಗಳು ಇಂದು ಕಲಾ ಗ್ಯಾಲರಿಗಳನ್ನೂ ತಲುಪಿವೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳನ್ನು ಮರದಲ್ಲಿ ಕೆತ್ತಿದ್ದೆಂದೇ ಹಲವರು ತಿಳಿದಿದ್ದಾರೆ. ಹಗುರ ಮರದ ತುಂಡುಗಳನ್ನು ಜೋಡಿಸಲು, ಮೈ ತುಂಬಲು ಅಲ್ಲಿನ ಚಿತ್ರಗಾರರು ಬಳಸುವುದು ಸೆಣಬಿನ ಚಿಂದಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿ ಅರೆದ ಮುದ್ದೆಯನ್ನು. ಬಿಸಾಡುವ ಹುಣಸೆಬೀಜದಲ್ಲಿ ಅಂಟಿದೆಯೆಂದು ಕಂಡುಕೊಂಡವನು ಎಷ್ಟು ಬೀಜ ಹಾಳುಮಾಡಿರಬೇಡ!

ಘಾನಾದಲ್ಲಿ ಹುಟ್ಟಿ ನೈಜೀರಿಯಾದ ಎನ್‌ಸುಕ್ಕಾ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಪಾಠ ಹೇಳಿದ ಶಿಲ್ಪಿ ಎಲ್ ಅನಾಟ್ಸುಯಿ ಅವರ ಉದಾಹರಣೆಯೂ ಇಲ್ಲಿ ಪ್ರಸ್ತುತ. ಮದ್ಯದ ಬಾಟಲಿಗಳ ಲೋಹದ ಮುಚ್ಚಳಗಳನ್ನು ಚಪ್ಪಟೆಯಾಗಿಸಿ ತಾಮ್ರದ ತಂತಿಯಿಂದ ಹೆಣೆದ ಅವರ ಬೃಹತ್ ತೆರೆಗಳು ಜಗತ್ತಿನ ದೊಡ್ಡ ಸಂಗ್ರಹಾಲಯಗಳ ಗೋಡೆಗಳ ಮೇಲಿವೆ. 2015ರಲ್ಲಿ ವೆನಿಸ್ ಬಿಯೆನಾಲೆ ಜೀವಮಾನ ಸಾಧನೆಗಾಗಿ ಅವರಿಗೆ ಸುವರ್ಣ ಸಿಂಹ ಪ್ರಶಸ್ತಿ ನೀಡಿತು. ಆ ಮುಚ್ಚಳಗಳ ಚೀಲ ಕೈಗೆ ಸಿಕ್ಕಿದ್ದು 1990ರ ದಶಕದ ಕೊನೆಯಲ್ಲಿ. ಅದರಿಂದ ಏನು ಮಾಡಬೇಕೆಂದು ತೋಚದೆ ಅದು ಬಹುಕಾಲ ಅವರ ಕಾರ್ಯಾಗಾರದಲ್ಲಿ ಸುಮ್ಮನೆ ಬಿದ್ದಿತ್ತು. ಅಷ್ಟು ಹೊತ್ತಿಗೆ ಅವರು ದಶಕಗಳ ಅನುಭವವಿದ್ದ ಶಿಲ್ಪಿ. ಹನ್ನೆರಡು ವರ್ಷದ ಹುಡುಗಿಗೆ ನಾವು ಕೊಡುವುದು ಹತ್ತು ದಿನ.

ಚಂಡೀಗಢದ ಶಿಲಾ ಉದ್ಯಾನವನ್ನು ನೋಡಿದ ಓದುಗರು ಅನೇಕರಿರಬಹುದು. ಅದನ್ನು ನಿರ್ಮಿಸಿದ ನೇಕ್ ಚಂದ್ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ನಿರೀಕ್ಷಕರಾಗಿದ್ದರು. ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷ, ಒಡೆದ ಪಿಂಗಾಣಿ, ಬಳೆಚೂರು, ವಿದ್ಯುತ್ ಸಾಧನಗಳ ತುಂಡುಗಳನ್ನು ಸೈಕಲ್ಲಿನಲ್ಲಿ ಹೊತ್ತೊಯ್ದು, ಕಟ್ಟಡ ಕಟ್ಟಬಾರದೆಂದು ಮೀಸಲಿಟ್ಟಿದ್ದ ಕಾಡಿನೊಳಗೆ 1950ರ ದಶಕದ ಕೊನೆಯಿಂದ ಯಾರಿಗೂ ತಿಳಿಯದಂತೆ ತಮ್ಮ ಲೋಕವನ್ನು ಕಟ್ಟುತ್ತ ಹೋದರು. 1970ರ ದಶಕದಲ್ಲಿ ಅಧಿಕಾರಿಗಳ ಕಣ್ಣಿಗೆ ಬಿದ್ದಾಗ ಕಾನೂನಿನ ಪ್ರಕಾರ ಅದು ಒತ್ತುವರಿ; ನೆಲಸಮ ಮಾಡಬೇಕಿತ್ತು. ಆಡಳಿತ ಹಾಗೆ ಮಾಡಲಿಲ್ಲ. 1976ರಲ್ಲಿ ಅದನ್ನು ಸಾರ್ವಜನಿಕರಿಗೆ ತೆರೆಯಲಾಯಿತು, ಅವರಿಗೆ ಸಂಬಳವೂ ಕೆಲಸಗಾರರೂ ದೊರೆತರು, 1984ರಲ್ಲಿ ಪದ್ಮಶ್ರೀ ಬಂತು. ಕಡತದಲ್ಲಿ ಟಿಪ್ಪಣಿ ಬರೆಯುವ ಕೆಲಸ ಮಾಡಿದ ನನಗೆ, ಆ ಕಡತದ ಮೇಲೆ ‘ಉಳಿಸಿಕೊಳ್ಳಬಹುದು’ ಎಂದು ಬರೆದ ಅಧಿಕಾರಿಯ ಮೇಲೆ ಇಂದಿಗೂ ಅಸೂಯೆಯಿದೆ.

ಇವೆಲ್ಲ ದೊಡ್ಡ ಕಲಾವಿದರ ಕಥೆಗಳು, ಶಾಲೆಗೆ ಏನು ಸಂಬಂಧ ಎನ್ನಬಹುದು. ಶಾಲೆಯ ಉದಾಹರಣೆಯೂ ನಮ್ಮಲ್ಲೇ ಇದೆ. 1990ರ ದಶಕದ ಮಧ್ಯದಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿಯ ಕೊಠಡಿಗಳಲ್ಲಿ ಬೀಜ, ಕಡ್ಡಿ, ಕಲ್ಲು, ಹಳೆಯ ರಟ್ಟು ಪಾಠೋಪಕರಣಗಳಾಗಿದ್ದವು. ಆಗ ಮೈಸೂರು ಜಿಲ್ಲೆಯಲ್ಲಿ ಕೆಲಸದಲ್ಲಿದ್ದ ನಾನು ಕಂಡ ಒಂದು ಶಾಲೆಯಲ್ಲಿ ಮಕ್ಕಳು ಹುಣಸೆಬೀಜಗಳನ್ನು ಜೋಡಿಸಿ ಆನೆ ಬಿಡಿಸುತ್ತಿದ್ದರು. ಗಂಟೆ ಬಾರಿಸಿದಾಗ ಆನೆ ಕೆಡಿಸಿ ಬೀಜಗಳನ್ನು ಡಬ್ಬಿಗೆ ತುಂಬಿ ಮನೆಗೆ ಓಡಿದರು. ಪ್ರದರ್ಶನಕ್ಕೆ ಏನೂ ಉಳಿಯಲಿಲ್ಲ. 1975ರಲ್ಲಿ ಕಾನ್ಪುರ ಐಐಟಿಯಿಂದ ಪದವಿ ಪಡೆದ ಅರವಿಂದ ಗುಪ್ತಾ ಅವರು ಹೋಶಂಗಾಬಾದಿನ ವಿಜ್ಞಾನ ಶಿಕ್ಷಣ ಕಾರ್ಯಕ್ರಮದಲ್ಲಿ ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ಜೋಡಿಸಿ ಜ್ಯಾಮಿತಿ ಕಲಿಸಿದರು. 2018ರಲ್ಲಿ ಪದ್ಮಶ್ರೀ ಪಡೆದ ಅವರ ಆಟಿಕೆಗಳ ವಿಶೇಷವೆಂದರೆ ಅವುಗಳಿಗೆ ತೀರ್ಪುಗಾರರು ಬೇಕಿಲ್ಲ. ತಿರುಗಬೇಕಾದದ್ದು ತಿರುಗದಿದ್ದರೆ ಮಗುವಿಗೇ ಗೊತ್ತಾಗುತ್ತದೆ. ಬಿಚ್ಚಿ ಮತ್ತೆ ಜೋಡಿಸುತ್ತದೆ. ವಸ್ತುವೇ ಗುರು, ವಸ್ತುವೇ ಪರೀಕ್ಷಕ.

ಸಾಂಪ್ರದಾಯಿಕ ವಸ್ತುವಿಗೂ ಇಂಥ ವಸ್ತುಗಳಿಗೂ ಇರುವ ವ್ಯತ್ಯಾಸವೇ ಇದು. ಜಲವರ್ಣಕ್ಕೆ, ಜೇಡಿಮಣ್ಣಿಗೆ ಹೇಳಿಕೊಡುವವರಿದ್ದಾರೆ, ಪುಸ್ತಕಗಳಿವೆ, ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳಿವೆ. ಅಡಿಕೆ ಹಾಳೆಗೆ, ಮೊಟ್ಟೆಯ ಸಿಪ್ಪೆಗೆ, ಹವಾಯಿ ಚಪ್ಪಲಿಗೆ ಪಠ್ಯವಿಲ್ಲ. ಅವುಗಳ ಸ್ವಭಾವ ತಿಳಿಯುವ ಮಾರ್ಗ ಕೆಡಿಸಿ ನೋಡುವುದೊಂದೇ. ಕೆಡಿಸಲು ಸಮಯ ಬೇಕು, ಕೆಟ್ಟದ್ದನ್ನು ಕ್ಷಮಿಸುವ ಅಂಕಪಟ್ಟಿ ಬೇಕು. ಇವೆರಡನ್ನೂ ಕೊಡದೆ ವಸ್ತುವನ್ನು ಮಾತ್ರ ಕಡ್ಡಾಯ ಮಾಡಿದಾಗ ಕುಟುಂಬಗಳು ಹೋಗುವುದು ಅಂಗಡಿಗೆ. ಮನೆಯ ಕಸ ಏಕೆ ಒಗ್ಗುವುದಿಲ್ಲವೆಂದರೆ, ನಿಜವಾದ ಕಸ ನಿಧಾನ. ಅಂಗಡಿಯ ಕಸ ಹೇಳಿದಂತೆ ಕೇಳುತ್ತದೆ.

ಶಿಕ್ಷಕರನ್ನು ದೂಷಿಸುವುದು ಸುಲಭ, ಅದರಲ್ಲಿ ಹುರುಳಿಲ್ಲ. ಹಲವು ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆಯೇ ಇಲ್ಲ. ಗಣಿತದವರೋ ಸಮಾಜ ವಿಜ್ಞಾನದವರೋ ಹೆಚ್ಚುವರಿಯಾಗಿ ಈ ಹೊಣೆ ಹೊರುತ್ತಾರೆ. ಅವರಿಗೆ ಅಂದವನ್ನು ಅಳೆಯುವುದು ಸುಲಭ, ಪ್ರಯತ್ನವನ್ನು ಅಳೆಯುವುದು ಕಷ್ಟ. ಆಡಳಿತ ಮಂಡಳಿಗೂ ಪೋಷಕರಿಗೆ ತೋರಿಸಲು ಮಿರುಗುವ ಸಭಾಂಗಣ ಬೇಕು. ಪೋಷಕರಿಗೆ ಅಲ್ಲಿ ನಿಂತು ಫೋಟೊ ತೆಗೆಯುವಾಗ ತಮ್ಮ ಮಗುವಿನದು ಎದ್ದುಕಾಣಬೇಕು.

ಆದರೂ ಮಾಡಬಹುದಾದ ಕೆಲವು ಬದಲಾವಣೆಗಳು ಯಾವ ಬಜೆಟ್ಟನ್ನೂ ಬೇಡುವುದಿಲ್ಲ. ವರ್ಷಕ್ಕೆ ನಾಲ್ಕೈದು ಮಾದರಿಗಳ ಬದಲು ಒಂದೇ ಒಂದು ಮಾಡಿಸಬಹುದು, ಜೂನ್‌ನಲ್ಲಿ ಹಿಡಿದು ಜನವರಿಯಲ್ಲಿ ಬಿಡಬಹುದು. ಮನೆಗೆ ಕಳುಹಿಸದೆ ಶಾಲೆಯಲ್ಲೇ ಒಂದು ಕಪಾಟಿನಲ್ಲಿ ಇರಿಸಿ, ವಾರಕ್ಕೊಂದು ಪೀರಿಯಡ್ಡಿನಲ್ಲಿ ಅಲ್ಲಿಯೇ ಮಾಡಿಸಿದರೆ ಹಣ ಕೊಟ್ಟು ಮಾಡಿಸುವ ಫಲಕ ತಾನಾಗಿ ಇಳಿಯುತ್ತದೆ. ಹೊಸದಾಗಿ ಕೊಂಡ ಯಾವ ವಸ್ತುವನ್ನೂ ಒಳಗೆ ಬಿಡದಿರುವುದು ಕಷ್ಟವೇನಲ್ಲ. ಸೀಳಿದ ಹಾಳೆಯನ್ನೂ ಓರೆಯಾದ ಚಕ್ರವನ್ನೂ ಮುಗಿದ ವಸ್ತುವಿನ ಪಕ್ಕದಲ್ಲೇ ಇರಿಸಿ ಪ್ರದರ್ಶಿಸಲು ಹೇಳಬಹುದು; ಹಣ ಕೊಟ್ಟು ಮಾಡಿಸಿದ ಮಾದರಿಗೆ ಹಾಳಾದ ಸೋದರರು ಇರುವುದಿಲ್ಲ.

ಮೌಲ್ಯಮಾಪನಕ್ಕೆ ಎರಡೇ ಪ್ರಶ್ನೆ ಸಾಕೆನಿಸುತ್ತದೆ: ಮೊದಲು ಏನು ಕೆಟ್ಟಿತು, ಆಮೇಲೆ ಏನು ಬದಲಿಸಿದೆ? ಇದಕ್ಕೆಲ್ಲ ಸಮಯವೆಲ್ಲಿದೆ ಎಂದು ನಾನು ಮಾತನಾಡಿಸಿದ ಪ್ರಾಂಶುಪಾಲರೊಬ್ಬರು ಕೇಳಿದರು. 40 ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರಿಗೆ ಐದು ನಿಮಿಷ ಎಂದರೆ 200 ನಿಮಿಷ, ಅಂದರೆ ಐದು ಪೀರಿಯಡ್ಡು. ಪ್ರದರ್ಶನದ ದಿನ ಸಭಾಂಗಣಕ್ಕೆ ರಿಬ್ಬನ್ ಕಟ್ಟಿ, ಕುರ್ಚಿ ಜೋಡಿಸಿ, ಮುಖ್ಯ ಅತಿಥಿಗಾಗಿ ಸ್ವಾಗತ ಗೀತೆ ಅಭ್ಯಾಸ ಮಾಡಿಸಲು ಅವರ ಶಾಲೆಯಲ್ಲಿ ಹೋದದ್ದು, ಅವರೇ ಬೆರಳು ಮಡಿಸಿ ಎಣಿಸಿ ಹೇಳಿದಂತೆ, ಹನ್ನೊಂದು.